ಹಾಲ್‌ಸ್ಟಾಟ್‌ಗೆ ಒಂದೇ ದಿನದಲ್ಲಿ ಹೋಗಿ ಬರಬೇಡಿ: ಆಯಿ, ಅಪ್ಪನ ಜೊತೆ ಐದು ರಾತ್ರಿ ಉಳಿದ ನನ್ನ ಅನುಭವ

ಮ್ಯೂನಿಕ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ 2022ರ ಅಕ್ಟೋಬರ್‌ನಲ್ಲಿ ಮೊದಲ ಸಲ ಆಸ್ಟ್ರಿಯಾದ ಹಾಲ್‌ಸ್ಟಾಟ್‌ಗೆ ಹೋಗಿದ್ದೆ. ಒಬ್ಬಳೇ, ಒಂದೇ ದಿನದಲ್ಲಿ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಹನ್ನೊಂದೂವರೆಗೆ ತಲುಪಿದೆ, ನಾಲ್ಕಕ್ಕೆ ವಾಪಸ್ ಹೊರಟೆ. ಎಲ್ಲರೂ ಫೋಟೋ ತೆಗೆಯುವ ಜಾಗದಲ್ಲಿ ನಾನೂ ತೆಗೆದೆ. ಕೆರೆಯ ದಡದ ಮರದ ಮನೆಗಳು, ಚೂಪು ಗೋಪುರದ ಚರ್ಚು, ಹಿಂದೆ ಕಡಿದಾದ ಬೆಟ್ಟ, ಎಲ್ಲ ಸರಿಯಾಗಿಯೇ ಬಂತು. ಆದರೆ ರೈಲಿನಲ್ಲಿ ಕೂತು ಯೋಚಿಸಿದರೆ ನೆನಪಿನಲ್ಲಿ ಉಳಿದಿದ್ದು ಜನಜಂಗುಳಿ ಮಾತ್ರ. ಊರಿನ ಜನಸಂಖ್ಯೆ ಎಂಟುನೂರಕ್ಕೂ ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಆ ಒಂದು ಸಣ್ಣ ಬೀದಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಜನ ನಡೀತಿದ್ದರು.

ಮರುವರ್ಷ ಜೂನ್‌ನಲ್ಲಿ ಕುಮಟಾದಿಂದ ಆಯಿ, ಅಪ್ಪ ಬಂದರು. ಇಬ್ಬರಿಗೂ ಅರವತ್ತು ದಾಟಿದೆ, ಅಪ್ಪನಿಗೆ ಮೊಣಕಾಲು ನೋವು. ಈ ಸಲ ಅವಸರ ಮಾಡುವುದೇ ಬೇಡ, ಐದು ರಾತ್ರಿ ಅಲ್ಲೇ ಉಳಿಯೋಣ ಅಂತ ತೀರ್ಮಾನ ಮಾಡಿದೆ. ಟೂರ್ ಪ್ಯಾಕೇಜ್ ಇಲ್ಲ, ಕಾರಿಲ್ಲ. ಹೇಗೆ ಮಾಡಿದೆವು ಅಂತ ಬರೆಯುತ್ತಿದ್ದೇನೆ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಉಪಯೋಗ ಆಗಲಿ.

ಮೊದಲು ವಸತಿ. ನಾವು ಉಳಿದಿದ್ದು ಹಾಲ್‌ಸ್ಟಾಟ್‌ನಲ್ಲಿ ಅಲ್ಲ, ಅದೇ ಕೆರೆಯ ತುದಿಯಲ್ಲಿರುವ ಒಬರ್‌ಟ್ರಾನ್ ಅನ್ನುವ ಊರಿನಲ್ಲಿ. ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ ಅಷ್ಟೆ. ಸಮತಟ್ಟಾದ ಊರು, ಅಪ್ಪನ ಕಾಲಿಗೆ ಅದೇ ದೊಡ್ಡ ಉಪಕಾರ. ಅಡುಗೆಮನೆ ಇರುವ ಮನೆ ಸಿಕ್ಕಿತು. ಬೆಟ್ಟದ ಮೇಲೆ ಹೋಗುವ ಕೇಬಲ್ ಕಾರು ಹೊರಡುವುದೂ ಇದೇ ಊರಿನಿಂದ. ಹುಲ್ಲುಹಾಸಿನ ಕೆರೆ ದಡ ಇದೆ, ಈಜುವವರು ಈಜಬಹುದು. ನಾನು ಒಂದು ಸಂಜೆ ಇಳಿದೆ, ನೀರು ಬಾವಿ ನೀರಿಗಿಂತ ತಣ್ಣಗಿತ್ತು.

ದಾರಿ ಹೀಗೆ. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್‌ವರೆಗೆ ಲೋಕಲ್ ರೈಲು, ಸುಮಾರು ಎರಡು ಗಂಟೆ. ನನ್ನ ಹತ್ತಿರ ಜರ್ಮನಿಯ ತಿಂಗಳ ಪಾಸ್ ಇತ್ತು, ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೂ ನಡೆಯುತ್ತದೆ. ಆಯಿ, ಅಪ್ಪನಿಗೆ ಬಯರ್ನ್ ಟಿಕೆಟ್, ಅಂದರೆ ಬವೇರಿಯಾ ರಾಜ್ಯದ ಲೋಕಲ್ ರೈಲುಗಳಲ್ಲಿ ಒಂದು ದಿನ ನಡೆಯುವ ಟಿಕೆಟ್ ತಗೊಂಡೆ. ಅದು ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರವೇ ನಡೆಯುವುದು, ಶನಿವಾರ ಭಾನುವಾರ ಆ ಕಟ್ಟುಪಾಡಿಲ್ಲ. ಸಾಲ್ಜ್‌ಬರ್ಗ್‌ನಿಂದ 150ನೇ ನಂಬರಿನ ಬಸ್ಸು, ಒಂದೂವರೆ ಗಂಟೆಯಲ್ಲಿ ಬಾಟ್ ಇಶ್ಲ್ ಮುಟ್ಟುತ್ತದೆ. ಬಸ್ಸಿನಲ್ಲಿ ಎಡಗಡೆ ಕೂರಿ, ಫುಶ್ಲ್ ಕೆರೆ, ವೋಲ್ಫ್‌ಗಾಂಗ್ ಕೆರೆ ಎರಡೂ ಆ ಕಡೆಗೇ ಬರುತ್ತವೆ. ಬಾಟ್ ಇಶ್ಲ್‌ನಿಂದ ಅರ್ಧ ಗಂಟೆ ರೈಲು. ಇಲ್ಲಿ ಬಲಗಡೆ. ಕಾಡಿನ ಮಧ್ಯೆ ಹೋಗುತ್ತಿದ್ದ ರೈಲು ಒಮ್ಮೆಲೇ ನೀರಿನ ಪಕ್ಕಕ್ಕೆ ಬಂದಾಗ ಆಯಿ ಕಿಟಕಿಗೆ ಅಂಟಿಕೊಂಡವಳು ಮತ್ತೆ ಮಾತಾಡಲಿಲ್ಲ.

ಒಂದು ವಿಷಯ ಗೊತ್ತಿರಲಿ. ಹಾಲ್‌ಸ್ಟಾಟ್ ರೈಲು ನಿಲ್ದಾಣ ಇರುವುದು ಊರಿನಲ್ಲಿ ಅಲ್ಲ, ಎದುರು ದಡದಲ್ಲಿ. ಅಲ್ಲಿಂದ ದೋಣಿಯಲ್ಲಿ ದಾಟಬೇಕು. ರೈಲು ಬರುವ ಹೊತ್ತಿಗೆ ದೋಣಿ ಕಾದಿರುತ್ತದೆ, ಹತ್ತು ನಿಮಿಷದಲ್ಲಿ ಆಚೆ ದಡ. ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ. ಸಂಜೆ ದೋಣಿಯೂ ಬೇಗ ನಿಲ್ಲುತ್ತದೆ, ಬಸ್ಸೂ ಬೇಗ ನಿಲ್ಲುತ್ತದೆ. ನಿಲ್ದಾಣದಲ್ಲಿ ಅಂಟಿಸಿದ ವೇಳಾಪಟ್ಟಿಯನ್ನು ಹೋದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ನಾವು ದಿನಾ ಅದನ್ನೇ ನೋಡಿಕೊಂಡು ಓಡಾಡಿದೆವು.

ಮಂಗಳವಾರ ಮಧ್ಯಾಹ್ನ ತಲುಪಿ, ಚಹಾ ಕುಡಿದು, ಸಂಜೆ ಐದೂವರೆಗೆ ಹಾಲ್‌ಸ್ಟಾಟ್‌ಗೆ ಹೋದೆವು. ಹಿಂದಿನ ವರ್ಷ ನಾನು ನೋಡಿದ ಊರು ಇದೇನಾ ಅನ್ನಿಸಿತು. ಟೂರ್ ಬಸ್ಸುಗಳು ಹೋಗಿಯಾಗಿತ್ತು. ಊರ ನಡುವೆ ಬೆಟ್ಟದಿಂದ ಧುಮುಕುವ ಮ್ಯೂಲ್‌ಬಾಖ್ ತೊರೆಯ ಸದ್ದು ಕೇಳುತ್ತಿತ್ತು. ಹಗಲಲ್ಲಿ ಅದು ಕೇಳಿಸಿಯೇ ಇರಲಿಲ್ಲ. ಮನೆಯ ಗೋಡೆಗೆ ಅಂಟಿಸಿ ಬೆಳೆಸಿದ ಹಣ್ಣಿನ ಮರಗಳಿವೆ, ಕೊಂಬೆಗಳನ್ನು ಕೈ ಚಾಚಿದ ಹಾಗೆ ಎರಡೂ ಕಡೆ ಕಟ್ಟಿ ಬಿಟ್ಟಿರುತ್ತಾರೆ. ಜಾಗವೇ ಇಲ್ಲವಲ್ಲ, ಹಿಂದೆ ಬೆಟ್ಟ ಮುಂದೆ ನೀರು. 1890ರವರೆಗೆ ಈ ಊರಿಗೆ ಸರಿಯಾದ ರಸ್ತೆಯೇ ಇರಲಿಲ್ಲ. ದೋಣಿ, ಇಲ್ಲವೇ ಕಾಲುದಾರಿ. ಅಪ್ಪನಿಗೆ ಇದು ಬಹಳ ಹಿಡಿಸಿತು, ಅಘನಾಶಿನಿ ದಾಟಲು ತಾರಿಗೆ ಕಾಯುತ್ತಿದ್ದ ದಿನಗಳ ಕತೆ ಶುರು ಮಾಡಿದ.

ಫೋಟೋ ತೆಗೆಯುವ ಪ್ರಸಿದ್ಧ ಜಾಗ ಊರಿನ ಉತ್ತರದ ತುದಿಯಲ್ಲಿದೆ. ಬೆಳಿಗ್ಗೆ ಎಂಟರೊಳಗೆ ಹೋಗಿ, ಆದರೆ ದಯವಿಟ್ಟು ಗಟ್ಟಿಯಾಗಿ ಮಾತಾಡಬೇಡಿ. ಅವು ಜನ ಮಲಗಿರುವ ಮನೆಗಳು. ಸದ್ದು ಮಾಡಬೇಡಿ ಅನ್ನುವ ಬೋರ್ಡು ಊರವರೇ ಹಾಕಿದ್ದಾರೆ. ನಮ್ಮ ಮನೆ ಬಾಗಿಲಲ್ಲಿ ದಿನಾ ನೂರಾರು ಜನ ನಿಂತು ಫೋಟೋ ತೆಗೆದರೆ ನಮಗೆ ಹೇಗಾಗುತ್ತದೆ, ಅಲ್ವಾ.

ಬುಧವಾರ ನಾನು ಒಂದು ತಪ್ಪು ಮಾಡಿದೆ. ಕ್ರಿಪ್ಪೆನ್‌ಸ್ಟೈನ್ ಬೆಟ್ಟದ ಕೇಬಲ್ ಕಾರಿನ ಟಿಕೆಟನ್ನು ಹಿಂದಿನ ರಾತ್ರಿಯೇ ತಗೊಂಡುಬಿಟ್ಟಿದ್ದೆ. ಬೆಳಿಗ್ಗೆ ಕೆಳಗೆ ಬಿಸಿಲಿತ್ತು, ಅಷ್ಟನ್ನೇ ನಂಬಿದೆ. ಕೆರೆ ಇರುವುದು 508 ಮೀಟರ್ ಎತ್ತರದಲ್ಲಿ, ಮೇಲಿನ ನಿಲ್ದಾಣ ಸುಮಾರು 2,100 ಮೀಟರ್. ಎರಡರ ಹವೆಗೂ ಸಂಬಂಧವೇ ಇಲ್ಲ. ಮೇಲೆ ಹೋದರೆ ಬಿಳಿ ಮೋಡ, ಹತ್ತು ಹೆಜ್ಜೆ ಮುಂದೆ ಏನೂ ಕಾಣಿಸದು. ಕೆಳಗಿಗಿಂತ ಹತ್ತು ಡಿಗ್ರಿ ಚಳಿ ಜಾಸ್ತಿ. ಆಯಿ ಸ್ವೆಟರಿನ ಮೇಲೆ ಶಾಲು ಸುತ್ತಿಕೊಂಡು, ಆ ಮೋಡದಲ್ಲೇ ಅರ್ಧ ಗಂಟೆ ನಡೆದು ಫೈವ್ ಫಿಂಗರ್ಸ್‌ವರೆಗೂ ಬಂದಳು. ಅಂಗೈಯ ಐದು ಬೆರಳಿನ ಹಾಗೆ ಬೆಟ್ಟದಂಚಿನಿಂದ ಹೊರಗೆ ಚಾಚಿದ ಕಬ್ಬಿಣದ ಐದು ಕಟ್ಟೆಗಳು ಅವು. ಕೆಳಗೆ ನಾನೂರು ಮೀಟರ್ ಪ್ರಪಾತ. ನಮಗೆ ಕಂಡಿದ್ದು ಕಟ್ಟೆಯ ಸರಳು ಮಾತ್ರ. ಆಯಿ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ಬೇಜಾರಾಯಿತು.

ಆದರೆ ಆ ದಿನ ಪೂರ್ತಿ ಹಾಳಾಗಲಿಲ್ಲ. ಕೇಬಲ್ ಕಾರಿನ ಮಧ್ಯದ ನಿಲ್ದಾಣ ಶೋನ್‌ಬೆರ್ಗಾಲ್ಮ್‌ನಲ್ಲಿ ಇಳಿದು ಹಿಮದ ಗುಹೆಗೆ ಹೋದೆವು. ನಿಲ್ದಾಣದಿಂದ ಕಾಲು ಗಂಟೆ ಏರುದಾರಿ, ಅಪ್ಪ ಕೋಲು ಊರಿಕೊಂಡು ನಿಂತು ನಿಂತು ಹತ್ತಿದ. ಇಡೀ ಡಾಕ್‌ಸ್ಟೈನ್ ಬೆಟ್ಟಸಾಲು ಸುಣ್ಣಕಲ್ಲಿನದು. ಮಳೆ ನೀರು, ಹಿಮ ಕರಗಿದ ನೀರು ಕಲ್ಲಿನ ಬಿರುಕಿನಲ್ಲಿ ಇಳಿಯುತ್ತದೆ. ಚಳಿಗಾಲದ ತಂಪು ಗಾಳಿ ಗುಹೆಯೊಳಗೆ ಸೇರಿ ಹಾಗೇ ಉಳಿದಿರುತ್ತದೆ, ವಸಂತದಲ್ಲಿ ತೊಟ್ಟಿಕ್ಕುವ ನೀರು ಅಲ್ಲೇ ಗಡ್ಡೆ ಕಟ್ಟುತ್ತದೆ. ದೀಪದ ಬೆಳಕು ಬಿದ್ದರೆ ಒಳಗಿನಿಂದ ನೀಲಿ ಕಾಣುತ್ತದೆ. ಗೈಡ್ ಜೊತೆಗೇ ಹೋಗಬೇಕು, ಸುಮಾರು ಒಂದು ಗಂಟೆ, ಒಳಗೆ ಮೆಟ್ಟಿಲು ತುಂಬಾ ಇವೆ. ಜೂನ್ ಆದರೂ ಕೈಗವಸು, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ಅವತ್ತಿನಿಂದ ನಮ್ಮ ಲೆಕ್ಕಾಚಾರ ಬದಲಾಯಿತು. ಯಾವ ದಿನ ಏನು ನೋಡಬೇಕು ಅಂತ ಮೊದಲೇ ನಿರ್ಧಾರ ಮಾಡುವುದಿಲ್ಲ. ಬೆಳಿಗ್ಗೆ ಎದ್ದು ಬೆಟ್ಟದ ಮೇಲಿನ ವೆಬ್‌ಕ್ಯಾಮ್ ನೋಡುವುದು. ಮೇಲೆ ತಿಳಿ ಇದ್ದರೆ ಬೆಟ್ಟ. ಮೋಡ ಇದ್ದರೆ ಗುಹೆ, ಗಣಿ, ಊರು. ಈ ಕಡೆ ಮಳೆ ಅಂದರೆ ದಾರ ಇಳಿಬಿಟ್ಟ ಹಾಗೆ ಸಣ್ಣಗೆ ದಿನವಿಡೀ ಹಿಡಿದುಕೊಂಡಿರುತ್ತದೆ, ನಮ್ಮೂರಿನ ಹಾಗೆ ಒಮ್ಮೆ ಹೊಯ್ದು ನಿಲ್ಲುವುದಿಲ್ಲ. ಅದಕ್ಕೇ ಎರಡು ಮೂರು ದಿನವಾದರೂ ಕೈಯಲ್ಲಿರಬೇಕು ಅನ್ನುವುದು.

ಗುರುವಾರ ಅಂಥದೇ ಮಳೆ. ಉಪ್ಪಿನ ಗಣಿಗೆ ಹೋದೆವು. ಊರಿನಿಂದ ಹಳಿ ಮೇಲೆ ಏರುವ ಪುಟ್ಟ ಗಾಡಿ ಇದೆ. ಮೇಲೆ ಇಳಿದು ಇನ್ನೂ ಕಾಲು ಗಂಟೆ ನಡೆಯಬೇಕು, ಆ ದಾರಿಯೇ ಒಂದು ಹಳೆಯ ಸ್ಮಶಾನದ ನಡುವೆ ಹೋಗುತ್ತದೆ. 1846ರಲ್ಲಿ ಗಣಿಯ ಅಧಿಕಾರಿ ಯೋಹಾನ್ ಗೇಯೋರ್ಗ್ ರಾಮ್‌ಸೌವರ್ ಅಲ್ಲಿ ಅಗೆಯಲು ಶುರು ಮಾಡಿ ಸಾವಿರದ ಹತ್ತಿರ ಸಮಾಧಿಗಳನ್ನು ಪತ್ತೆ ಮಾಡಿದ. ಯುರೋಪಿನ ಕಬ್ಬಿಣ ಯುಗದ ಮೊದಲ ಘಟ್ಟಕ್ಕೆ ಹಾಲ್‌ಸ್ಟಾಟ್ ಸಂಸ್ಕೃತಿ ಅಂತಲೇ ಹೆಸರು ಬಂದಿದ್ದು ಇದರಿಂದ.

ಗಣಿಯೊಳಗೆ ಹೋಗುವ ಮೊದಲು ಬಟ್ಟೆಯ ಮೇಲೆ ಹಾಕಿಕೊಳ್ಳಲು ಅವರದೇ ಅಂಗಿ, ಪ್ಯಾಂಟು ಕೊಡುತ್ತಾರೆ. ಸೀರೆ ಉಟ್ಟರೆ ಕಷ್ಟ, ಆಯಿಗೆ ಚೂಡಿದಾರ ಹಾಕಿಸಿದ್ದೆ. ಒಳಗೆ ವರ್ಷವಿಡೀ 8 ಡಿಗ್ರಿ. ಗೋಡೆಯಲ್ಲಿ ಕೆಂಪು, ಕಿತ್ತಳೆ, ಬೂದು ಪಟ್ಟೆಗಳು. ಆಯಿ ಬೆರಳು ಒದ್ದೆ ಮಾಡಿ ಗೋಡೆಗೆ ಒರೆಸಿ ನಾಲಿಗೆಗೆ ಇಟ್ಟುಕೊಂಡಳು. ಒಂದು ಕ್ಷಣ ಸುಮ್ಮನಿದ್ದು, "ಉಪ್ಪೇ ಹೌದು ತಂಗಿ. ಆದರೆ ನಮ್ಮ ಸಾಣಿಕಟ್ಟಾ ಉಪ್ಪಿನ ರುಚಿ ಇಲ್ಲೆ" ಅಂದಳು. ಅವಳಿಗೆ ಉಪ್ಪು ಅಂದರೆ ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಗದ್ದೆಗೆ ಬಿಟ್ಟು ಬಿಸಿಲಲ್ಲಿ ಒಣಗಿಸಿದ್ದು. ಬೆಟ್ಟದ ಹೊಟ್ಟೆಯಲ್ಲಿ ಉಪ್ಪು ಹೇಗೆ ಬಂತು ಅಂತ ಗಣಿಯಿಂದ ಹೊರಬರುವವರೆಗೂ ಕೇಳುತ್ತಿದ್ದಳು. ಕೋಟ್ಯಂತರ ವರ್ಷದ ಹಿಂದೆ ಇಲ್ಲೂ ಸಮುದ್ರ ಇತ್ತು, ಅದು ಆರಿ ಉಳಿದ ಉಪ್ಪು ಇದು ಅಂತ ಗೈಡ್ ಹೇಳಿದಾಗ ಸಮಾಧಾನ ಆಯಿತು.

ಇಲ್ಲಿ ಸುಮಾರು 7,000 ವರ್ಷದಿಂದ ಜನ ಉಪ್ಪು ತೆಗೆಯುತ್ತಿದ್ದಾರೆ. ಉಪ್ಪಿನಲ್ಲಿ ಸಿಕ್ಕಿಕೊಂಡ ಮರ, ಬಟ್ಟೆ, ಚರ್ಮ ಯಾವುದೂ ಕೊಳೆತಿಲ್ಲ. 1734ರಲ್ಲಿ ಉಪ್ಪಿನಲ್ಲಿ ಹೂತುಹೋಗಿದ್ದ ಒಬ್ಬ ಮನುಷ್ಯನ ದೇಹವೇ ಸಿಕ್ಕಿತ್ತು. ನಾನು ಅತ್ತಿತ್ತ ಹೋಗದೆ ನಿಂತು ನೋಡಿದ್ದು ಮರದ ಮೆಟ್ಟಿಲನ್ನು. ಕ್ರಿಸ್ತಪೂರ್ವ 1344ರಲ್ಲಿ ಕಡಿದ ಮರದ್ದು ಅಂತ ಮರದ ಉಂಗುರ ಎಣಿಸಿ ಹೇಳಿದ್ದಾರೆ. ಅಂಚು ಸವೆದಿಲ್ಲ, ಮೊನ್ನೆ ಆಚಾರಿ ಮಾಡಿಟ್ಟು ಹೋದ ಹಾಗಿದೆ. ಆಯಿಗೆ ಅದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ಅಪ್ಪೆಮಿಡಿ ಉಪ್ಪಲ್ಲಿ ಹಾಕಿಟ್ಟರೆ ಕೆಡುತ್ತದಾ?" ಅಂತ ಕೇಳಿದಳು.

ಅಪ್ಪನಿಗೆ ಹಿಡಿಸಿದ್ದು ಉಪ್ಪುನೀರಿನ ಕೊಳವೆಯ ಕತೆ. ಗಣಿಯಲ್ಲಿ ನೀರು ಬಿಟ್ಟು ಉಪ್ಪು ಕರಗಿಸಿ, ಆ ನೀರನ್ನು 40 ಕಿಲೋಮೀಟರ್ ದೂರದ ಎಬೆನ್‌ಸೇ ಊರಿಗೆ ಹರಿಸಿ, ಅಲ್ಲಿ ಕುದಿಸಿ ಉಪ್ಪು ಮಾಡುತ್ತಿದ್ದರು. 1595ರಲ್ಲಿ ಶುರುವಾಗಿ 1607ಕ್ಕೆ ಮುಗಿದ ಆ ಕೊಳವೆಗೆ 13,000 ಮರದ ದಿಮ್ಮಿಗಳನ್ನು ಒಳಗೆ ಕೊರೆದು ಜೋಡಿಸಿದ್ದರು. ನಮ್ಮ ಮನೆಯಲ್ಲೂ ಅಡಿಕೆ ಮರ ಸೀಳಿ, ತಿರುಳು ತೆಗೆದು, ಗುಡ್ಡದ ಅಬ್ಬಿ ನೀರನ್ನು ಬಚ್ಚಲಿಗೆ ತರುತ್ತಿದ್ದರಲ್ಲ, ಅಪ್ಪ ಅದನ್ನು ಗೈಡ್‌ಗೆ ವಿವರಿಸಲೇಬೇಕು ಅಂತ ಹಟ ಹಿಡಿದ. ನಾನು ಅನುವಾದ ಮಾಡಿದೆ. ಆ ಹುಡುಗಿ ನಿಜವಾಗಿಯೂ ಆಸಕ್ತಿಯಿಂದ ಕೇಳಿದಳು. ಕೊಳವೆ ಹೋಗಿದ್ದ ದಾರಿ ಈಗ ಕಾಡಿನೊಳಗಿನ ನಡಿಗೆ ದಾರಿ, ಸೋಲೆವೆಗ್ ಅನ್ನುತ್ತಾರೆ.

ಗಣಿಯಲ್ಲಿ ಹಳೇ ಕಾಲದ ಕೆಲಸಗಾರರು ಇಳಿಯುತ್ತಿದ್ದ ಮರದ ಜಾರುಬಂಡಿಗಳಿವೆ, ದೊಡ್ಡದು 64 ಮೀಟರ್. ಪಕ್ಕದಲ್ಲೇ ಮೆಟ್ಟಿಲೂ ಇದೆ, ಹೆದರಿಕೆ ಬೇಡ. ಅಪ್ಪ ಮೆಟ್ಟಿಲಿಳಿದ. ಆಯಿ ನನ್ನ ಹಿಂದೆ ಕೂತು ಎರಡೂ ಜಾರಿದಳು.

ಮಧ್ಯಾಹ್ನ ಚರ್ಚಿನ ಹಿಂದಿನ ಮೂಳೆ ಮನೆ. ಸ್ಮಶಾನದಲ್ಲಿ ಜಾಗ ಇಲ್ಲ ಅಂತ ಹತ್ತು ಹದಿನೈದು ವರ್ಷದ ನಂತರ ಸಮಾಧಿ ತೆರೆದು, ತಲೆಬುರುಡೆ ತೊಳೆದು ಒಣಗಿಸಿ, ಹಣೆಯ ಮೇಲೆ ಹೆಸರು, ಹೂವು, ಎಲೆ ಬಿಡಿಸಿ ಜೋಡಿಸಿ ಇಡುತ್ತಿದ್ದರು. ಸುಮಾರು 1,200 ಬುರುಡೆಗಳಲ್ಲಿ 600ಕ್ಕೂ ಹೆಚ್ಚಿಗೆ ಚಿತ್ತಾರ ಇದೆ. ಕೊನೆಯದನ್ನು ಇಟ್ಟಿದ್ದು 1995ರಲ್ಲಿ, 1983ರಲ್ಲಿ ತೀರಿಕೊಂಡ ಹೆಂಗಸಿನದು. ಆಯಿ ಒಳಗೆ ಬರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಹೊರಗೆ ಸಮಾಧಿಗಳ ಮೇಲಿನ ಹೂಗಿಡಗಳನ್ನು ನೋಡುತ್ತಾ ಕೂತಿದ್ದಳು. ಅಪ್ಪ ಒಳಗೆ ಬಂದು ಒಂದೊಂದೇ ಹೆಸರು ಓದಿಸಿಕೊಂಡ. ಮನೆತನದವರನ್ನು ಒಟ್ಟಿಗೇ ಇಟ್ಟಿದ್ದಾರೆ. ಅಲ್ಲಿ ಗುಸುಗುಸು ಮಾತೂ ಜಾಸ್ತಿ ಅನ್ನಿಸುತ್ತದೆ.

ಊಟದ ಬಗ್ಗೆ ಸ್ವಲ್ಪ. ನಾವು ಸಸ್ಯಾಹಾರಿಗಳು. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ, ಅಕ್ಕಿ ಕಟ್ಟಿಕೊಂಡು ಹೋಗಿದ್ದೆವು, ಮೊಸರು ಅಲ್ಲಿಯ ಅಂಗಡಿಯದೇ ಚೆನ್ನಾಗಿತ್ತು. ಹೋಟೆಲಿನಲ್ಲಿ ಕೇಜ಼್‌ಶ್ಪೆಟ್ಸ್‌ಲೆ ತಗೊಳ್ಳಿ, ಚೀಸ್ ಹಾಕಿದ ಗೋಧಿ ಹಿಟ್ಟಿನ ಸಣ್ಣ ತುಣುಕುಗಳು, ಮೇಲೆ ಹುರಿದ ಈರುಳ್ಳಿ. ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ನೋಡಿಕೊಳ್ಳಿ. ಸೂಪ್ ಮಾತ್ರ ಕೇಳದೆ ತಗೊಳ್ಳಬೇಡಿ, ನೋಡಲು ತರಕಾರಿಯದು ಅನ್ನಿಸಿದರೂ ಅಡಿಯ ರಸ ಹೆಚ್ಚಾಗಿ ದನದ ಮಾಂಸದ್ದು. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಹಾಲು ತಂದಿಡಿ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ವೆಬ್‌ಕ್ಯಾಮ್ ನೋಡಿದರೆ ಬೆಟ್ಟದ ಮೇಲೆ ಒಂದು ಚೂರು ಮೋಡ ಇಲ್ಲ. ಮೊದಲ ಗಾಡಿಗೇ ಹೋದೆವು. ಎರಡನೇ ಸಲದ ದುಡ್ಡು ಕೊಡುವಾಗ ಅಪ್ಪ ಬೇಡ ಬೇಡ ಅಂದ, ನಾನು ಕೇಳಲಿಲ್ಲ. ಅದೇ ದಾರಿ, ಅದೇ ಕಟ್ಟೆ. ಈಗ ಕೆಳಗೆ ಇಡೀ ಕೆರೆ ಕಡುಹಸಿರಾಗಿ ಮಲಗಿತ್ತು, ಹಾಲ್‌ಸ್ಟಾಟ್ ಒಂದು ಬೆಂಕಿಪೊಟ್ಟಣದಷ್ಟು, ದೋಣಿ ಬಿಟ್ಟ ಗೆರೆ ನೀರಿನ ಮೇಲೆ ಹಾಗೇ ಉಳಿದಿತ್ತು. ಬುಧವಾರ ನಿಂತಿದ್ದ ಜಾಗದಲ್ಲೇ ಆಯಿ ಸರಳು ಹಿಡಿದು ನಿಂತಳು. ಗಾಜಿನ ನೆಲದ ಬೆರಳಿನ ಮೇಲೆ ಮಾತ್ರ ಬರಲಿಲ್ಲ. ಕಲ್ಲುಗಳ ಸಂದಿಯಲ್ಲಿ ಇನ್ನೂ ಹಿಮ ಇತ್ತು, ಅಪ್ಪ ಒಂದು ಮುಷ್ಟಿ ತೆಗೆದು ಕೈಯಲ್ಲೇ ಕರಗಿಸಿದ.

ಶನಿವಾರ ಗೋಸೌ ಕೆರೆ. ಬಸ್ಸು ಗೋಸೌಮ್ಯೂಲೆಯಲ್ಲಿ ಬದಲಿಸಬೇಕು. ವಯಸ್ಸಾದವರ ಜೊತೆ ಒಂದೇ ಜಾಗಕ್ಕೆ ಹೋಗಲು ಆಗುವುದಾದರೆ ನಾನು ಇದನ್ನೇ ಹೇಳುತ್ತೇನೆ. ಕೆರೆಯ ಸುತ್ತ ಸಮತಟ್ಟಾದ ದಾರಿ, ಒಂದೂವರೆ ಗಂಟೆಯಲ್ಲಿ ನಿಧಾನಕ್ಕೆ ಸುತ್ತು ಮುಗಿಯುತ್ತದೆ. ಎದುರಿಗೆ 2,995 ಮೀಟರ್ ಎತ್ತರದ ಡಾಕ್‌ಸ್ಟೈನ್, ಅದರ ಹೆಗಲ ಮೇಲೆ ಹಿಮನದಿ. ಅಪ್ಪ ಪೂರ್ತಿ ಸುತ್ತು ನಡೆದ, ಎಲ್ಲೂ ಕಾಲು ನೋವು ಅನ್ನಲಿಲ್ಲ.

ಭಾನುವಾರ ಬೆಳಿಗ್ಗೆ, ಸಾಮಾನು ಎಲ್ಲ ಬೆನ್ನಿನ ಚೀಲದಲ್ಲೇ ಇದ್ದಿದ್ದರಿಂದ, ಒಬರ್‌ಟ್ರಾನ್‌ನಲ್ಲಿ ರೈಲು ಹತ್ತುವ ಬದಲು ಪೂರ್ವದ ದಡದ ಕಾಲುದಾರಿಯಲ್ಲಿ ಹಾಲ್‌ಸ್ಟಾಟ್ ನಿಲ್ದಾಣದವರೆಗೆ ನಡೆದೆವು. ಒಂದು ಕಡೆ ಹಳಿ, ಇನ್ನೊಂದು ಕಡೆ ಕೈಗೆಟುಕುವಷ್ಟು ಹತ್ತಿರ ನೀರು. ಗಾಳಿ ಇರಲಿಲ್ಲ. ಎದುರು ದಡದ ಊರು ಪೂರ್ತಿ ತಲೆಕೆಳಗಾಗಿ ನೀರಿನಲ್ಲಿತ್ತು, ಎರಡೂ ಚರ್ಚುಗಳ ಸಮೇತ. ಆಯಿಯ ಚೀಲದಲ್ಲಿ ಗಣಿಯ ಅಂಗಡಿಯಲ್ಲಿ ಕೊಂಡ ಎರಡು ಪೊಟ್ಟಣ ಉಪ್ಪಿತ್ತು, ಒಂದು ಮನೆಗೆ, ಇನ್ನೊಂದು ಪಕ್ಕದ ಮನೆ ಅತ್ತೆಗೆ. ನಿಲ್ದಾಣ ಮುಟ್ಟುವಾಗ ಎದುರಿನ ಕಡೆಯಿಂದ ಬಂದ ರೈಲಿನಿಂದ ಇಳಿದವರು ದೋಣಿಯತ್ತ ಓಡುತ್ತಿದ್ದರು. ಅವರು ಹೋದ ಮೇಲೆ ಖಾಲಿಯಾದ ಬೆಂಚಿನ ಮೇಲೆ ಕೂತು, ಡಬ್ಬಿ ಬಿಚ್ಚಿ, ಒಗ್ಗರಣೆ ಅವಲಕ್ಕಿ ತಿಂದು ನಮ್ಮ ರೈಲಿಗೆ ಕಾದೆವು.