ಗಾಳಿ ನಿಂತ ಚಳಿಗಾಲಕ್ಕೆ ಕರೆಂಟ್ ಸಾಕಾ? ನಾನು ಲೆಕ್ಕ ಹಾಕುವ ಬಗೆ

ಬ್ರಿಟನ್ನಿನ ಗ್ರಿಡ್‌ಗೆ ಚಳಿಗಾಲದಲ್ಲಿ ಕರೆಂಟ್ ಸಾಲುತ್ತದಾ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಅಲ್ಲಿ ಈಗ ಸುಮಾರು 30 ಗಿಗಾವ್ಯಾಟ್ ಸಾಮರ್ಥ್ಯದ ಗಾಳಿಯಂತ್ರಗಳಿವೆ. ವರ್ಷದ ಸರಾಸರಿ ನೋಡಿದರೆ ನೆಮ್ಮದಿ ಅನ್ನಿಸುತ್ತದೆ. ಆ ಸರಾಸರಿಯನ್ನು ನಾನು ಮೊದಲೇ ಪಕ್ಕಕ್ಕಿಡುತ್ತೇನೆ. ತೊಂದರೆ ಬರುವುದು ಸರಾಸರಿ ದಿನದಲ್ಲಲ್ಲ, ಅಲ್ವಾ?

ಚಳಿಗಾಲದ ನಡುವೆ ಕೆಲವೊಮ್ಮೆ ವಾಯುಭಾರ ಏರಿ, ಹಾಗೇ ದಿನಗಟ್ಟಲೆ ನಿಂತುಬಿಡುತ್ತದೆ. ಮಂಜು, ಕೊರೆಯುವ ಚಳಿ, ಎಲೆಯೂ ಅಲುಗದಷ್ಟು ಸ್ತಬ್ಧ. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರಲ್ಲಿರುವ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿಗೆ 3 ಮೀಟರ್‌ಗಿಂತ ಕೆಳಗೆ ಹೋದರೆ ಯಂತ್ರದಿಂದ ಏನೂ ಸಿಗುವುದಿಲ್ಲ. ಬೇಡಿಕೆ ತುತ್ತತುದಿ ಮುಟ್ಟುವುದು ಸಂಜೆ 5–6ರ ಹೊತ್ತಿಗೆ. ಅಷ್ಟರಲ್ಲಿ ಕತ್ತಲಾಗಿರುತ್ತದೆ, ಸೋಲಾರ್ ಕೂಡ ಸೊನ್ನೆ.

ಹಾಗಾಗಿ ನಾನು ಹಳೆಯ ಹವೆಯನ್ನು ತೆಗೆದುಕೊಳ್ಳುತ್ತೇನೆ. ಇಆರ್‌ಎ5 ಎಂಬ ಯುರೋಪಿನ ದತ್ತಾಂಶದಲ್ಲಿ 1940ರಿಂದ ಈಚೆಗೆ ಗಂಟೆಗಂಟೆಯ ಗಾಳಿ, ಚಳಿ ಎಲ್ಲ ಇದೆ. ಇವತ್ತಿನ ಯಂತ್ರಗಳು ಆ ವರ್ಷಗಳಲ್ಲಿ ಇದ್ದಿದ್ದರೆ ಎಷ್ಟು ಕರೆಂಟ್ ಕೊಡುತ್ತಿದ್ದವು ಎಂದು ನೋಡುತ್ತೇನೆ. ಬೇಡಿಕೆಯನ್ನೂ ಅದೇ ಗಂಟೆಯ ಚಳಿಯಿಂದಲೇ ಲೆಕ್ಕ ಹಾಕುತ್ತೇನೆ. ಇದು ಬಹಳ ಮುಖ್ಯ. ಗಾಳಿಯನ್ನು ಒಂದು ವರ್ಷದಿಂದ, ಚಳಿಯನ್ನು ಇನ್ನೊಂದು ವರ್ಷದಿಂದ ತಂದು ಬೆರೆಸಿದರೆ ಎರಡೂ ಒಟ್ಟಿಗೆ ಕೈಕೊಡುವ ದಿನಗಳೇ ಲೆಕ್ಕದಿಂದ ಮಾಯವಾಗುತ್ತವೆ. ನೂರು ವರ್ಷಗಳಲ್ಲೇ ಅತಿ ಚಳಿಯ ಡಿಸೆಂಬರ್ ಆಗಿದ್ದ 2010ರದ್ದನ್ನು ನಾನು ಎಂದೂ ಬಿಡುವುದಿಲ್ಲ.

ಬೇಡಿಕೆಯಲ್ಲಿ ಗಾಳಿ ಮತ್ತು ಬಿಸಿಲು ಕೊಟ್ಟಿದ್ದನ್ನು ಕಳೆದ ಮೇಲೆ ಉಳಿಯುವುದರ ಗ್ರಾಫಿನ ಗೆರೆಯನ್ನೇ ನಾನು ಜಾಸ್ತಿ ಹೊತ್ತು ನೋಡುವುದು. ಕೊರತೆ ಎಷ್ಟು ಎನ್ನುವುದಕ್ಕಿಂತ ಎಷ್ಟು ಹೊತ್ತು ಎನ್ನುವುದು ನನಗೆ ದೊಡ್ಡ ಪ್ರಶ್ನೆ. ಗಾಳಿಯಿಂದ ಬರಬೇಕಿದ್ದ 10 ಗಿಗಾವ್ಯಾಟ್ ಒಂದು ದಿನ ಬರಲಿಲ್ಲ ಅಂದುಕೊಳ್ಳಿ. 10ನ್ನು 24 ಗಂಟೆಯಿಂದ ಗುಣಿಸಿದರೆ ಅದು 240 ಗಿಗಾವ್ಯಾಟ್-ಗಂಟೆ. ಐದು ದಿನಕ್ಕೆ 1,200. ವೇಲ್ಸ್‌ನ ಬೆಟ್ಟದೊಳಗಿರುವ ಡಿನಾರ್ವಿಗ್ ಪಂಪ್ಡ್ ಸ್ಟೋರೇಜ್ ಘಟಕ (ನೀರನ್ನು ಮೇಲಿನ ಕೆರೆಗೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವ ವ್ಯವಸ್ಥೆ) ನಿಜಕ್ಕೂ ಅದ್ಭುತ, ಸೆಕೆಂಡುಗಳಲ್ಲಿ ಕರೆಂಟ್ ಕೊಡುತ್ತದೆ. ಆದರೆ ಅದರ ಕೆರೆ ತುಂಬಿದ್ದರೂ ಸಿಗುವುದು ಸುಮಾರು 9 ಗಿಗಾವ್ಯಾಟ್-ಗಂಟೆ. ಬ್ಯಾಟರಿಗಳೂ ಸಂಜೆಯ ಏರಿಕೆಯನ್ನು ಚೆನ್ನಾಗಿ ದಾಟಿಸುತ್ತವೆ. ಒಂದು ವಾರವನ್ನಲ್ಲ.

ಪಕ್ಕದ ದೇಶಗಳಿಂದ ತರಬಹುದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಅದೇ ಗಾಳಿಯಿಲ್ಲದ ಹವೆ ಅವರ ಮೇಲೂ ಇರುತ್ತದೆ. 2024ರ ಡಿಸೆಂಬರ್ 12ರಂದು ಜರ್ಮನಿಯಲ್ಲಿ ಒಂದು ಗಂಟೆಯ ಸಗಟು ದರ ಮೆಗಾವ್ಯಾಟ್-ಗಂಟೆಗೆ 936 ಯೂರೋ ಮುಟ್ಟಿತ್ತು. ಅಂಥ ದಿನ ಅವರಿಗೇ ಸಾಲದು. ಜಲವಿದ್ಯುತ್ ಹೆಚ್ಚಿರುವ ನಾರ್ವೆಯಿಂದ ಬರುವ 1,400 ಮೆಗಾವ್ಯಾಟ್ ಕೇಬಲ್ ಮೇಲೆ ನಾನು ಹೆಚ್ಚು ಭರವಸೆ ಇಡುತ್ತೇನೆ.

ಉಳಿದ ಭಾರವೆಲ್ಲ ಹೆಚ್ಚಾಗಿ ಗ್ಯಾಸ್ ಸ್ಥಾವರಗಳ ಮೇಲೆ. ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರ್ 30ಕ್ಕೆ ನಿಂತಿತು. 2025ರ ಜನವರಿ 8ರ ಸಂಜೆಗಾಗಿ ಗ್ರಿಡ್ ನಿರ್ವಾಹಕರು ಹೆಚ್ಚುವರಿ ಕರೆಂಟ್ ಬೇಕೆಂದು ನೋಟಿಸ್ ಹೊರಡಿಸಬೇಕಾಯಿತು. ದೀಪ ಆರಲಿಲ್ಲ.

ಬ್ರಿಟನ್ನಿನ ಮಾನದಂಡದ ಪ್ರಕಾರ ಕೊರತೆಯ ಹೊತ್ತು ವರ್ಷಕ್ಕೆ ಸರಾಸರಿ 3 ಗಂಟೆ ಮೀರಬಾರದು. ನನ್ನ ವರದಿಯಲ್ಲಿ ಆ ಸಂಖ್ಯೆಯ ಪಕ್ಕದಲ್ಲೇ ಅತಿ ಕೆಟ್ಟ ವರ್ಷದ ಅತಿ ಉದ್ದದ ಕೊರತೆಯನ್ನೂ ಬರೆಯುತ್ತೇನೆ. ಗ್ಯಾಸ್ ಸ್ಥಾವರಗಳನ್ನು ಎಷ್ಟು ವರ್ಷ ಉಳಿಸಿಕೊಳ್ಳಬೇಕು ಎನ್ನುವ ಚರ್ಚೆ ಶುರುವಾಗಬೇಕಾದ್ದು ಆ ಎರಡನೇ ಸಂಖ್ಯೆಯಿಂದ.