ಟರ್ಬೊ ಅಲ್ಲ, ಹೋಸ್

ಬಳ್ಳಾರಿ–ಸಂಡೂರು ರಸ್ತೆಯ ಅದಿರು ಧೂಳಲ್ಲಿ ಓಡುವ ಡೀಸೆಲ್ ಕಾರಿಗೆ ಪಿಕಪ್ ಬಿತ್ತು, ಕಪ್ಪು ಹೊಗೆ ಬಂತು ಅಂದರೆ ಶೋರೂಮಿನ ಮೊದಲ ಮಾತೇ ‘ಟರ್ಬೊ ಹೋಗಿದೆ’, ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ ಕೆಟ್ಟಿದೆ ಅಂತ. ನನಗೂ ಅದೇ ಹೇಳಿದರು, ಎಸ್ಟಿಮೇಟೂ ಕೊಟ್ಟರು. ಆ ಗಾಳಿ ಸಾಗಿಸುವ ರಬ್ಬರ್ ಹೋಸ್ ಬಿಚ್ಚಿ ನೋಡಿರಲಿಲ್ಲ!

ಆಕ್ಸಿಲರೇಟರ್ ಒತ್ತಿದಾಗ ‘ಸುಂಯ್’ ಅಂತ ಗಾಳಿ ಸದ್ದು ಬರುತ್ತಿದ್ದರೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್ ನೋಡಿ. ಸ್ವಲ್ಪ ಎಣ್ಣೆ ಪಸೆ ಸಹಜ. ಆದರೆ ಒಂದೇ ಕಡೆ ಕೆಂಪು ಧೂಳು ಎಣ್ಣೆಗೆ ಕಲಸಿ ಕೆಸರಿನಂತೆ ಹತ್ತಿದ್ದರೆ ಸೋರಿಕೆ ಅಲ್ಲೇ. ನನ್ನದರಲ್ಲಿ ಕ್ಲ್ಯಾಂಪಿನ ಅಂಚಿಗೆ, ಕೆಳಮುಖಕ್ಕೆ, ಬೆರಳಲ್ಲಿ ಬಗ್ಗಿಸಿದರೆ ಮಾತ್ರ ಬಾಯಿ ಬಿಡುವ ಅರ್ಧ ಇಂಚಿನ ಸೀಳು. ಏರ್‌ಫ್ಲೋ ಸೆನ್ಸಾರ್ ಅಳೆದ ಗಾಳಿ ಅಲ್ಲಿ ಸೋರುತ್ತದೆ, ಇಂಜಿನ್ನಿನ ಕಂಪ್ಯೂಟರ್ ಇಸಿಯು ಆ ಲೆಕ್ಕಕ್ಕೇ ಡೀಸೆಲ್ ಬಿಡುತ್ತದೆ, ಅದಕ್ಕೇ ಹೊಗೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಟೇಪ್ ಸುತ್ತಬೇಡಿ, ಟರ್ಬೊ ಗಾಳಿಯ ಒತ್ತಡಕ್ಕೆ ನಿಲ್ಲಲ್ಲ. ಹೊಸ ಹೋಸ್, ಎರಡು ಹೊಸ ಕ್ಲ್ಯಾಂಪ್. ಪೈಪಿನ ತುದಿಯ ಎಣ್ಣೆ ಒರೆಸದೆ ಹಾಕಿದರೆ ಮತ್ತೆ ಜಾರುತ್ತದೆ. ಏರ್ ಫಿಲ್ಟರನ್ನೂ ಬದಲಿಸಿ. ಹಳೆಯದನ್ನೇ ಪಂಕ್ಚರ್ ಅಂಗಡಿ ಕಂಪ್ರೆಸರಿನಲ್ಲಿ ಊದಿಸಿದರೆ ಪೇಪರ್ ಹರಿದು ಧೂಳು ನೇರ ಟರ್ಬೊಗೇ. ಆಗ ಶೋರೂಮಿನವರ ಮಾತು ನಿಜವಾಗುತ್ತದೆ, ನೋಡಿ.