ತೋಮನ ಬೆರಳು ಎಲ್ಲಿ ನಿಲ್ಲಬೇಕು?

ಬಳ್ಳಾರಿಯಲ್ಲಿ ಬೋರ್ಡು ಬರೆಯುವುದು ನನ್ನ ಕಸುಬು. ಅಂಗಡಿಯ ಹೆಸರು, ಲಾರಿಯ ಹಿಂಬದಿ, ಚುನಾವಣೆಯ ಗೋಡೆಬರಹ ಬರೆದ ಈ ಕೈಗೆ ತೋರಣಗಲ್ಲಿನ ಪ್ರಾರ್ಥನಾ ಹಾಲ್ ಒಂದರಲ್ಲಿ ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ಅಪೊಸ್ತಲ ತೋಮನ ಚಿತ್ರ ಬಿಡಿಸುವ ಕೆಲಸ ಬಂತು. ಹಾಲ್ ಒಂದೇ, ಬಳಸುವವರು ಹಲವರು. ಉಕ್ಕಿನ ಕೆಲಸಕ್ಕೆಂದು ಕೇರಳದಿಂದ ಬಂದ ಸಿರೋ ಮಲಬಾರ್, ಆರ್ಥೊಡಾಕ್ಸ್, ಮಾರ್ತೋಮಾ ಎಂಬ ಕ್ರೈಸ್ತ ಸಭೆಗಳ ಕುಟುಂಬಗಳು. ಜೊತೆಗೆ ನಮ್ಮ ಕನ್ನಡದ ಕಥೋಲಿಕರು.

ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆತನದವನು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದವರು. ಆ ಪರಂಪರೆಯಲ್ಲಿ ಬೆಳೆದ ನನಗೆ ಚರ್ಚ್ ಎಂದರೆ ಸುಣ್ಣದ ಗೋಡೆ, ಒಂದು ಶಿಲುಬೆ, ಕಪ್ಪು ಅಕ್ಷರದ ಒಂದು ವಚನ. ಸಂತನ ಮುಖ ಬರೆಯುವುದು ನನಗೆ ಹೊಸದು. ಹಾಗಾಗಿ ಬ್ರಷ್ ಹಿಡಿಯುವ ಮೊದಲು ಒಂದು ತಿಂಗಳು ಬರೀ ಕೇಳಿದೆ, ನೋಡಿದೆ.

ಮೊದಲ ತೊಡಕು ಗಡ್ಡದ್ದು. ಕಥೋಲಿಕರು ತಂದ ಅಚ್ಚಿನ ಪಟದಲ್ಲಿ ತೋಮನಿಗೆ ನರೆತ ಗಡ್ಡ, ಕೈಯಲ್ಲಿ ಈಟಿ. ಚೆನ್ನೈನ ಮೈಲಾಪುರದಲ್ಲಿ ಈಟಿಯಿಂದ ತಿವಿದು ಕೊಂದರೆಂಬ ನಂಬಿಕೆಯ ಗುರುತು ಅದು. ಗ್ರೀಕ್ ಮತ್ತು ರಷ್ಯನ್ ಸಭೆಗಳ ಐಕಾನ್ ಎಂಬ ಪವಿತ್ರ ಚಿತ್ರಗಳಲ್ಲಿ ಅದೇ ತೋಮ ಗಡ್ಡವಿಲ್ಲದ ಹುಡುಗ. ನಾನು ಹುಡುಗನನ್ನೇ ಆರಿಸಿಕೊಂಡೆ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ, ಯೇಸು ಅಪಾಯವಿರುವ ಯೂದಾಯಕ್ಕೆ ಹೊರಟಾಗ, ನಾವೂ ಹೋಗಿ ಆತನೊಂದಿಗೆ ಸಾಯೋಣ ಎಂದವನು ಈ ತೋಮನೇ. ಅದು ಬಿಸಿ ರಕ್ತದ ಮಾತು. ಸಂಶಯದ ತೋಮ ಎಂದು ಕರೆಯುವವರು ಈ ಮಾತನ್ನು ಮರೆಯುವುದು ನನಗೆ ಇಂದಿಗೂ ನೋವು.

ಎರಡನೆಯದು ಮೂಲೆಮಟ್ಟ, ಗೌಂಡಿಗಳು ಗೋಡೆಯ ಮೂಲೆ ನೇರವಾಗಿದೆಯೇ ಎಂದು ನೋಡುವ ಸಲಕರಣೆ. ಪಶ್ಚಿಮದ ಚಿತ್ರಗಳಲ್ಲಿ ತೋಮನ ಕೈಯಲ್ಲಿ ಅದನ್ನು ಕಾಣುತ್ತೇವೆ. ಸುಮಾರು 3ನೇ ಶತಮಾನದ ಸಿರಿಯಾಕ್ ಭಾಷೆಯ ಕಥೆಯೊಂದರಲ್ಲಿ ಗೊಂಡೋಫರ್ನಿಸ್ ಎಂಬ ರಾಜ ಅರಮನೆ ಕಟ್ಟಲು ತೋಮನಿಗೆ ಹಣ ಕೊಡುತ್ತಾನೆ. ತೋಮ ಅದನ್ನು ಬಡವರಿಗೆ ಹಂಚಿ, ನಿನ್ನ ಅರಮನೆ ಪರಲೋಕದಲ್ಲಿ ಎದ್ದಿದೆ ಎನ್ನುತ್ತಾನೆ. ಅಚ್ಚಿನ ಪಟದ ಮೂಲೆಮಟ್ಟ ಶಾಲೆಯ ಕಂಪಾಸ್ ಪೆಟ್ಟಿಗೆಯಲ್ಲಿರುವಂತಿತ್ತು. ಪಕ್ಕದ ಕಟ್ಟಡದ ಗೌಂಡಿಯಿಂದ ಸಿಮೆಂಟ್ ಮೆತ್ತಿದ, ಅಂಚು ಸವೆದ ಕಬ್ಬಿಣದ ಮೂಲೆಮಟ್ಟವನ್ನು ಕೇಳಿ ತಂದು, ಅದನ್ನೇ ನೋಡಿ ಬರೆದೆ.

ಮಾರ್ತೋಮಾ ಸಭೆಯ ಹಿರಿಯರೊಬ್ಬರು ಹತ್ತಿರ ಕುಳಿತು ಹೇಳಿದರು: "ತಮ್ಮಾ, ನಾವು ಚಿತ್ರಕ್ಕೆ ಕೈ ಮುಗಿಯುವವರಲ್ಲ, ಸಂತರಲ್ಲಿ ಬೇಡುವವರೂ ಅಲ್ಲ. ಆದರೆ ಆ ಹೆಸರು ನಮ್ಮ ಸಭೆಯ ಹೆಸರು." ಅವರಿಗಾಗಿ ಅಂಚಿನಲ್ಲಿ ಆಕೃತಿಯಿಲ್ಲದ ಮಾರ್ ತೋಮಾ ಶಿಲುಬೆ ಬರೆದೆ: ಮೊಗ್ಗಿನಂಥ ತುದಿಗಳು, ಮೇಲೆ ಇಳಿಯುವ ಪಾರಿವಾಳ, ಬುಡದಲ್ಲಿ ಕಮಲ. ಚೆನ್ನೈನ ಸಂತ ತೋಮಸರ ಬೆಟ್ಟದಲ್ಲಿ ಪಹ್ಲವಿ ಎಂಬ ಹಳೆಯ ಪರ್ಷಿಯನ್ ಬರಹವಿರುವ ಅಂಥ ಕಲ್ಲಿನ ಶಿಲುಬೆ ಇದೆ. ಮೇಲೆ ಸಿರಿಯಾದ ನೆನಪು, ಕೆಳಗೆ ನಮ್ಮ ಕೆರೆಯ ಹೂವು. ಇಡೀ ಗೋಡೆಯಲ್ಲಿ ನನ್ನ ಕೈ ಅತ್ಯಂತ ಸಲೀಸಾಗಿ ಓಡಿದ್ದು ಅಲ್ಲಿಯೇ.

ಕಷ್ಟವಾದದ್ದು ಬೆರಳು. ಸತ್ತು ಎದ್ದ ಯೇಸುವಿನ ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬುವುದಿಲ್ಲ ಎಂದಿದ್ದವನು ತೋಮ. ಇಟಲಿಯ ಚಿತ್ರಕಾರ ಕಾರವಾಜ್ಜೊ ಸುಮಾರು 1601ರಲ್ಲಿ ಬರೆದ ಪ್ರಸಿದ್ಧ ಚಿತ್ರದಲ್ಲಿ ತೋಮನ ತೋರುಬೆರಳು ಗಾಯದೊಳಗೆ ಹೊಕ್ಕಿದೆ, ಚರ್ಮ ಮಡಚಿಕೊಂಡಿದೆ. ಐಕಾನ್‌ಗಳಲ್ಲಿ ಹಿಂದೆ ಮುಚ್ಚಿದ ಬಾಗಿಲು, ಮುಂದೆ ಬಾಗಿ ಕೈ ಚಾಚಿದ ತೋಮ. ನಾನು ಯೋಹಾನ 20ನೇ ಅಧ್ಯಾಯವನ್ನು ಮತ್ತೆ ಮತ್ತೆ ಓದಿದೆ. ಬೆರಳಿಡು ಎಂದು ಯೇಸು ಕರೆಯುತ್ತಾನೆ. ನನ್ನ ಪ್ರಭುವೇ, ನನ್ನ ದೇವರೇ ಎಂದು ತೋಮ ನುಡಿಯುತ್ತಾನೆ. ಮುಟ್ಟಿದನೆಂದು ಅಲ್ಲಿ ಬರೆದಿಲ್ಲ. ಹಾಗಾಗಿ ಬಾಗಿಲನ್ನು ಐಕಾನ್‌ನಿಂದ ತೆಗೆದುಕೊಂಡೆ, ಬೆರಳಿಗೂ ಗಾಯಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಅಂತರ ಬಿಟ್ಟೆ. ಕಥೋಲಿಕ ಮಿತ್ರರೊಬ್ಬರು ಬೇಸರಿಸಿಕೊಂಡರು. ಅಧ್ಯಾಯ ತೆರೆದು ಅವರ ಮುಂದಿಟ್ಟೆ. ಓದಿ, ಬಹಳ ಹೊತ್ತು ಗೋಡೆಯನ್ನೇ ನೋಡುತ್ತ ನಿಂತರು.

ಕೆಲಸದ ಮಾತು ಸ್ವಲ್ಪ. ಮೇ ತಿಂಗಳಲ್ಲಿ ಒಂಬತ್ತು ಗಂಟೆಯ ಮೇಲೆ ಆ ಗೋಡೆಯಲ್ಲಿ ಅಕ್ರಿಲಿಕ್ ಬಣ್ಣ ಎಳೆಯುವಷ್ಟರಲ್ಲಿ ಒಣಗುತ್ತದೆ. ಹಸಿ ಬಣ್ಣದ ಮೇಲೆ ಅದಿರಿನ ಕೆಂಪು ಧೂಳು ಕೂರುತ್ತದೆ. ನಸುಕಿನ ಐದಕ್ಕೆ ಶುರು ಮಾಡಿ ಎಂಟೂವರೆಗೆ ನಿಲ್ಲಿಸುತ್ತಿದ್ದೆ. ತೋಮನ ಮೇಲುವಸ್ತ್ರಕ್ಕೆ ಆ ಧೂಳಿನ ಬಣ್ಣವನ್ನೇ ಕೊಟ್ಟೆ, ಇನ್ನು ಕೂತರೂ ಕಾಣಬಾರದೆಂದು.

ಕೊನೆಗೆ ಹೆಸರು. ಮುಖದ ಪಕ್ಕ ಹೆಸರಿಲ್ಲದಿದ್ದರೆ ಐಕಾನ್ ಪೂರ್ತಿಯಾಗದು. ಕಥೋಲಿಕರಿಗೆ ಪ್ರೇಷಿತ ಸಂತ ತೋಮಸ್, ನಮಗೆ ಅಪೊಸ್ತಲ ತೋಮ, ಮಲಯಾಳಿಗಳಿಗೆ ಮಾರ್ ತೋಮಾ. ಬಿರುದು ಬಿಟ್ಟು ‘ತೋಮ’ ಎಂದು ಎರಡೇ ಅಕ್ಷರ ಬರೆದೆ. ಅಕ್ಷರ ನನ್ನ ಕಸುಬು. ಅಲ್ಲಿ ಮಾತ್ರ ಯಾರನ್ನೂ ಕೇಳಲಿಲ್ಲ.

ಜುಲೈ 3ಕ್ಕೆ ಹಬ್ಬ. ತೋಮನ ಅಸ್ಥಿಗಳನ್ನು ಇಂದಿನ ಟರ್ಕಿಯಲ್ಲಿರುವ ಎಡೆಸ್ಸಾಕ್ಕೆ ಒಯ್ದ ನೆನಪಿಗೆ ಸಿರಿಯಾಕ್ ಸಭೆಗಳು ಹಿಂದಿನಿಂದಲೂ ಆಚರಿಸುತ್ತಿದ್ದ ದಿನವಿದು. ಡಿಸೆಂಬರ್ 21ರಂದು ಆಚರಿಸುತ್ತಿದ್ದ ರೋಮನ್ ಕಥೋಲಿಕರು 1969ರ ಪಂಚಾಂಗದಲ್ಲಿ ಇತ್ತ ಬಂದರು. ಗ್ರೀಕರದು ಅಕ್ಟೋಬರ್ 6. ಜುಲೈ 3ರಂದು ನಮ್ಮ ಹಾಲ್‌ನಲ್ಲಿ ಕೆಲವರು ಮೇಣದಬತ್ತಿ ಹಚ್ಚಿದರು, ಕೆಲವರು ಧೂಪ ಹಾಕಿದರು, ಮಾರ್ತೋಮಾ ಹಿರಿಯರು ಚಿತ್ರಕ್ಕೆ ಬೆನ್ನು ಹಾಕಿ ನಿಂತು ಅಧ್ಯಾಯ ಓದಿದರು. ಎಲ್ಲರೂ ಹೋದ ಮೇಲೆ ಅಜ್ಜಿಯೊಬ್ಬರು ಬಿಟ್ಟಿದ್ದ ಅಂತರದ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದರು.

ಈಗ ಪ್ರತಿ ಜೂನ್ ಕೊನೆಗೆ ಹೋಗಿ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸುತ್ತೇನೆ. ಆ ನಾಲ್ಕು ಬೆರಳಿನ ಜಾಗ ಸವೆದು ನುಣುಪಾಗಿರುತ್ತದೆ. ಅಲ್ಲಿಗೆ ಮಾತ್ರ ಇನ್ನೊಂದು ಪದರ ವಾರ್ನಿಷ್ ಹಚ್ಚಿ ಬರುತ್ತೇನೆ.